ಛಾವಣಿ ಮೇಲೆ ಟವರ್, ಹನ್ನೊಂದು ಗಂಟೆಗೆ ತಲೆನೋವು: ಕಾರಣ ಎಲ್ಲಿ ಹುಡುಕಬೇಕು?

ಓದುಗರೊಬ್ಬರ ಪ್ರಶ್ನೆ, ಸ್ವಲ್ಪ ಚಿಕ್ಕದು ಮಾಡಿ ಹಾಕಿದೀನಿ:

"ಡಾಕ್ಟ್ರೇ ನಮಸ್ಕಾರ. ನಾನು ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ, ವಯಸ್ಸು 34. ನಮ್ಮ ಆಫೀಸ್ ಇರೋದು ಕಟ್ಟಡದ ಕೊನೇ ಮಹಡಿಯಲ್ಲಿ. ಎಂಟು ತಿಂಗಳ ಹಿಂದೆ ನಮ್ಮ ತಲೆ ಮೇಲೇನೇ, ಛಾವಣಿಯಲ್ಲಿ, ಮೊಬೈಲ್ ಟವರ್ ಕೂರಿಸಿದ್ರು, ಜೊತೆಗೆ ಅದಕ್ಕೊಂದು ಜನರೇಟರ್. ಅದೇ ಟೈಮಲ್ಲಿ ಒಳಗಡೆ ರಿನೋವೇಶನ್ ಆಯ್ತು, ಹೊಸ ಪಾರ್ಟಿಶನ್, ಕಾರ್ಪೆಟ್, ಕಿಟಕಿ ಎಲ್ಲ ಸೀಲ್ ಮಾಡಿ ಸೆಂಟ್ರಲ್ ಎಸಿ. ಒಂದು ತಿಂಗಳಾದ್ಮೇಲೆ ನನಗೆ ಶುರುವಾಯ್ತು. ಹನ್ನೊಂದು ಗಂಟೆ ಹೊತ್ತಿಗೆ ತಲೆ ಭಾರ, ಕಣ್ಣುರಿ, ಗಂಟಲು ಒಣಗೋದು, ಮಧ್ಯಾಹ್ನದ ಮೇಲೆ ಒಂದು ಕಾಲಂ ಕೂಡೋಕೆ ಮೂರು ಸಲ ನೋಡ್ಬೇಕು. ಕಿವಿಯಲ್ಲಿ ಗುಂಯ್ ಅನ್ನುತ್ತೆ. ಕೆಲವು ದಿನ ಅಂತೂ ವಾಕರಿಕೆ ಬಂದು ತಲೆ ಸುತ್ತುತ್ತೆ, ಕೆಲವು ದಿನ ಅಷ್ಟಿರಲ್ಲ. ಮನೆಗೆ ಹೋದ ಎರಡು ಮೂರು ಗಂಟೆಗೆ ಸರಿಹೋಗುತ್ತೆ, ರಜೆ ದಿನ ಏನೂ ಇರಲ್ಲ. ಹನ್ನೊಂದು ಜನರಲ್ಲಿ ಐದು ಜನಕ್ಕೆ ಹೀಗೇ. ರಕ್ತ ಪರೀಕ್ಷೆ, ಥೈರಾಯ್ಡ್, ತಲೆ ಸ್ಕ್ಯಾನ್ ಎಲ್ಲ ನಾರ್ಮಲ್, ಟೆನ್ಷನ್ ಅಂತ ಹೇಳಿ ಕಳಿಸಿದ್ರು. ಫೋನ್‌ನಲ್ಲಿರೋ ರೇಡಿಯೇಶನ್ ಆ್ಯಪ್ ನನ್ನ ಟೇಬಲ್ ಹತ್ರ ಕೆಂಪು ತೋರಿಸುತ್ತೆ. ಒಬ್ಬ ಸಹೋದ್ಯೋಗಿ ಐದು ತಿಂಗಳ ಗರ್ಭಿಣಿ, ಅವಳ ಭಯ ನೋಡೋಕಾಗ್ತಿಲ್ಲ. ಮ್ಯಾನೇಜರ್‌ನ ಕೇಳಿದ್ರೆ ಟವರ್‌ಗೆ ಪರ್ಮಿಶನ್ ಇದೆ ಅಂತಾರೆ, ಅಷ್ಟೇ. ಕಿಟಕಿಗೆ ಅಲ್ಯುಮಿನಿಯಂ ಶೀಟ್ ಅಂಟಿಸೋದಾ, ಫೋನಿಗೆ ರೇಡಿಯೇಶನ್ ತಡೆಯುತ್ತೆ ಅಂತ ಮಾರೋ ಚಿಪ್ ಹಾಕಿಸೋದಾ, ಇಲ್ಲ ಕೆಲಸಾನೇ ಬಿಡೋದಾ?"

ನಿಮ್ಮ ಪತ್ರದಲ್ಲಿ ಒಂದು ಸಾಲನ್ನ ನಾನು ನಾಲ್ಕೈದು ಸಲ ಓದಿದೆ. "ಕೆಲವು ದಿನ ವಾಕರಿಕೆ ಬಂದು ತಲೆ ಸುತ್ತುತ್ತೆ, ಕೆಲವು ದಿನ ಅಷ್ಟಿರಲ್ಲ." ಟವರ್ ಹೆಚ್ಚುಕಮ್ಮಿ ದಿನಾ ಒಂದೇ ತರ ಕೆಲಸ ಮಾಡುತ್ತೆ. ಜನರೇಟರ್ ಹಾಗಲ್ಲ, ಕರೆಂಟ್ ಹೋದ ದಿನ ಮಾತ್ರ ಓಡುತ್ತೆ. ಹಾಗಾಗಿ ತರಂಗದ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲು ಜನರೇಟರ್ ಬಗ್ಗೆ ಹೇಳಿಬಿಡ್ತೀನಿ, ಯಾಕಂದ್ರೆ ನೀವು ಪಟ್ಟಿ ಮಾಡಿರೋದರಲ್ಲಿ ನಿಜಕ್ಕೂ ಜೀವಕ್ಕೆ ಅಪಾಯ ಆಗಬಹುದಾದ್ದು ಅದೊಂದೇ.

ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಸ್ವಲ್ಪ ಸ್ವಲ್ಪ ದೇಹಕ್ಕೆ ಹೋದ್ರೆ ಏನಾಗುತ್ತೆ ಗೊತ್ತಾ, ತಲೆಭಾರ, ವಾಕರಿಕೆ, ತಲೆಸುತ್ತು, ಲೆಕ್ಕ ತಪ್ಪೋದು, ಜಾಗ ಬಿಟ್ಟು ಹೊರಗೆ ಹೋದ್ರೆ ಕೆಲವು ಗಂಟೆಗಳಲ್ಲಿ ಸರಿಹೋಗೋದು. ನೀವು ಬರೆದಿರೋದೂ ಇದೇ ಅಲ್ವಾ. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ಕಮ್ಮಿ ಬಿಡುತ್ತೆ ಅನ್ನೋದು ನಿಜ, ಆದ್ರೆ ಅದರ ಸೈಲೆನ್ಸರ್ ಬಾಯಿ ಎಸಿಯ ಹೊರಗಾಳಿ ಎಳೆಯೋ ಜಾಲರಿ ಪಕ್ಕದಲ್ಲೇ ಇದ್ರೆ ಆ ಹೊಗೆ ಪೂರ್ತಿ ನಿಮ್ಮ ಡಕ್ಟ್ ಒಳಗೆ, ಅಂದ್ರೆ ಎಸಿ ಗಾಳಿ ಹರಿಯೋ ಕೊಳವೆಗೆ, ಬರುತ್ತೆ, ಜೊತೆಗೆ ಕಣ್ಣು ಗಂಟಲು ಉರಿಸೋ ನೈಟ್ರೋಜನ್ ಆಕ್ಸೈಡ್‌ಗಳು, ಸಣ್ಣ ಕಣಗಳು ಬೇರೆ.

ನಿಮ್ಮ ಟೆಸ್ಟ್ ಎಲ್ಲ ನಾರ್ಮಲ್ ಬಂದಿದ್ದಕ್ಕೆ ಇದನ್ನ ಕೈಬಿಡೋ ಹಾಗಿಲ್ಲ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಇದನ್ನ ನೋಡೋದೇ ಇಲ್ಲ. ಬೆರಳಿಗೆ ಹಾಕೋ ಪಲ್ಸ್ ಆಕ್ಸಿಮೀಟರ್ ಕೂಡ ಇಲ್ಲಿ ಮೋಸ ಮಾಡುತ್ತೆ, ಆಮ್ಲಜನಕ ಅಂಟಿರೋ ಹಿಮೋಗ್ಲೋಬಿನ್‌ಗೂ ಮಾನಾಕ್ಸೈಡ್ ಅಂಟಿರೋದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ, 98 ಅಂತ ತೋರಿಸಿ ಸುಮ್ಮನಾಗುತ್ತೆ. ಕಾರ್ಬಾಕ್ಸಿ ಹಿಮೋಗ್ಲೋಬಿನ್ ಅಂತ ಬೇರೆ ಪರೀಕ್ಷೆ ಇದೆ, ಅದನ್ನ ತಲೆ ಸುತ್ತುತ್ತಿರೋ ಹೊತ್ತಲ್ಲೇ ಮಾಡಿಸಬೇಕು. ಹೊರಗಿನ ಗಾಳಿಗೆ ಬಂದ ನಾಲ್ಕೈದು ಗಂಟೆಗೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತೆ, ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬ್‌ಗೆ ಹೋದ್ರೆ ಸಿಗೋದು ಏನೂ ಇಲ್ಲ. ಸಿಗರೇಟ್ ಸೇದೋರಿಗೆ ಇದು ಮೊದಲೇ ಸ್ವಲ್ಪ ಜಾಸ್ತಿ ಇರುತ್ತೆ, ಅದನ್ನೂ ಡಾಕ್ಟರ್‌ಗೆ ಹೇಳ್ಬೇಕು.

ಆಫೀಸ್‌ಗೆ ಕಾರ್ಬನ್ ಮಾನಾಕ್ಸೈಡ್ ಮೀಟರ್ ತರಿಸಿ, ಬರೀ ಕೂಗೋ ಅಲಾರಂ ಅಲ್ಲ, ನಂಬರ್ ತೋರಿಸೋದು. ಮನೆಗೆ ಹಾಕೋ ಅಲಾರಂಗಳು ಕಡಿಮೆ ಮಟ್ಟಕ್ಕೆ ಕೂಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 8 ಗಂಟೆಯ ಸರಾಸರಿಗೆ ಹೇಳಿರೋ ಮಿತಿ ಘನ ಮೀಟರ್‌ಗೆ 10 ಮಿಲಿಗ್ರಾಂ, ಅಂದ್ರೆ ಸುಮಾರು 9 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 9 ಭಾಗ). ಜನರೇಟರ್ ಓಡ್ತಿರೋವಾಗ ನಿಮ್ಮ ಟೇಬಲ್ ಹತ್ರ ಎಷ್ಟಿದೆ ನೋಡಿ. ಮತ್ತೆ ಒಂದೇ ಹೊತ್ತಿಗೆ ಇಬ್ಬರು ಮೂವರಿಗೆ ತಲೆಸುತ್ತು ವಾಕರಿಕೆ ಬಂದ್ರೆ ಮೀಟರ್ ಗೀಟರ್ ಅಂತ ಕಾಯ್ಬೇಡಿ, ಎಲ್ಲರೂ ಎದ್ದು ಹೊರಗೆ ಹೋಗಿ.

ಈಗ ಟವರ್.

ಟವರ್ ಬಂತು, ಕಾಯಿಲೆ ಬಂತು, ಅಂದ್ರೆ ಟವರ್‌ನಿಂದಲೇ ಅಂತ ಅನ್ಸೋದು ಸಹಜ. ಆದ್ರೆ ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತ ನಮ್ಮಲ್ಲಿ ಮಾತಿದೆ, ನಿಮ್ಮ ಆಫೀಸ್‌ನಲ್ಲಿ ಒಂದೇ ತಿಂಗಳಲ್ಲಿ ನಾಲ್ಕೈದು ಕಾಗೆ ಕೂತಿವೆ: ಟವರ್, ಜನರೇಟರ್, ಕಾರ್ಪೆಟ್ ಅಂಟು, ಸೀಲ್ ಆದ ಕಿಟಕಿ, ಹೊಸ ಎಸಿ. ಕಣ್ಣಿಗೆ ಕಾಣೋದು ಟವರ್, ಅದಕ್ಕೇ ದೂರೆಲ್ಲ ಅದರ ಮೇಲೆ.

ಟವರ್‌ನಿಂದ ಬರೋ ರೇಡಿಯೋ ತರಂಗಕ್ಕೆ ಎಕ್ಸ್‌ರೇ ತರ ಅಣುಗಳನ್ನ ಒಡೆಯೋ ಶಕ್ತಿ ಇಲ್ಲ. ಅದು ಮಾಡೋದು ಅಂತ ಖಚಿತವಾಗಿ ಗೊತ್ತಿರೋ ಹಾನಿ ಅಂದ್ರೆ ಬಿಸಿ, ತುಂಬ ಹತ್ರದಲ್ಲಿ ತುಂಬ ಜಾಸ್ತಿ ಇದ್ದಾಗ ಮೈ ಬಿಸಿಯಾಗುತ್ತೆ, ಸುಡುತ್ತೆ. ಅದಕ್ಕೇ ಐಸಿಎನ್‌ಐಆರ್‌ಪಿ ಅನ್ನೋ ಅಂತರರಾಷ್ಟ್ರೀಯ ಆಯೋಗ ಮಿತಿ ಹಾಕಿದೆ, 2020ರಲ್ಲಿ ಅದನ್ನ ಪರಿಷ್ಕರಿಸಿದ್ರು: ಸಾರ್ವಜನಿಕರಿಗೆ 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರ್‌ಗೆ 4.5 ವ್ಯಾಟ್, 1800ರಲ್ಲಿ 9, 2000ಕ್ಕಿಂತ ಮೇಲಿನ ಮೊಬೈಲ್ ತರಂಗಕ್ಕೆ 10. ಕೆಲವು ದೇಶಗಳು ಇದಕ್ಕಿಂತ ಬಿಗಿ ಮಿತಿ ಇಟ್ಕೊಂಡಿವೆ. ಜನ ಓಡಾಡೋ ಜಾಗದಲ್ಲಿ ಅಳೆದ್ರೆ ಸಿಗೋದು ಸಾಮಾನ್ಯವಾಗಿ ಈ ಮಿತಿಯ ಸಣ್ಣ ಚೂರು ಅಷ್ಟೇ.

ನೀವು ಸರಿಯಾಗಿ ಕೆಳಗೇ ಇದ್ದೀರಲ್ಲ, ಅದು ಇನ್ನೂ ಕೆಟ್ಟದು ಅಂದ್ಕೊಂಡಿದೀರಿ. ಇಲ್ಲಿ ದೀಪದ ಬುಡದಲ್ಲಿ ಕತ್ತಲೆ ಅನ್ನೋ ಗಾದೆ ಅಕ್ಷರಶಃ ನಿಜ. ಟವರ್ ಮೇಲಿರೋ ಆ ಉದ್ದದ ಬಿಳೀ ಡಬ್ಬ, ಅಂದ್ರೆ ಆಂಟೆನಾ, ತರಂಗನ ಮುಂದಕ್ಕೆ, ದೂರಕ್ಕೆ, ಕೆಲವೇ ಡಿಗ್ರಿ ಕೆಳಕ್ಕೆ ಬಾಗಿಸಿ ಎಸೆಯುತ್ತೆ, ನೇರ ಕೆಳಗೆ ಬೀಳೋದು ಬಹಳ ಕಮ್ಮಿ. ಮೇಲಿಂದ ಕಾಂಕ್ರೀಟ್ ಸ್ಲ್ಯಾಬ್ ಬೇರೆ ಅಡ್ಡ. ದೂರ ಎರಡು ಪಟ್ಟಾದ್ರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ. ನಿಜವಾಗಿ ಹುಷಾರಾಗಿರಬೇಕಾದವರು ಛಾವಣಿ ಮೇಲೆ ಹೋಗಿ ಆ ಡಬ್ಬದ ಎದುರಿಗೇ ನಿಂತು ಕೆಲಸ ಮಾಡೋರು, ವಾಟರ್‌ಪ್ರೂಫಿಂಗ್‌ನೋರು, ಎಸಿ ರಿಪೇರಿಯವರು, ಅವರಿಗೆ ಆ ಹೊತ್ತಿಗೆ ಆಂಟೆನಾ ಪವರ್ ಇಳಿಸಿ ಕೊಡಬೇಕು, ಬೋರ್ಡ್ ಹಾಕಿರಬೇಕು, ಆ ಬಾಗಿಲಿಗೆ ಬೀಗ ಇರಬೇಕು. ನಿಮ್ಮ ಛಾವಣಿಗೆ ಹೋಗೋ ಬಾಗಿಲು ತೆರೆದೇ ಇರುತ್ತಾ? ಹಾಗಿದ್ರೆ ಅದನ್ನೂ ಮ್ಯಾನೇಜ್‌ಮೆಂಟ್‌ಗೆ ಬರೆದು ಕೇಳಿ.

ಹಾಗಾದ್ರೆ ಆ್ಯಪ್ ಯಾಕೆ ಕೆಂಪು ತೋರಿಸುತ್ತೆ? ಅಂಥ ಬಹಳಷ್ಟು ಆ್ಯಪ್‌ಗಳು ಬಳಸೋದು ಫೋನ್ ಒಳಗಿನ ದಿಕ್ಸೂಚಿ ಸೆನ್ಸರ್‌ನ. ಅದು ಅಳೆಯೋದು ಅಯಸ್ಕಾಂತ ಕ್ಷೇತ್ರ, ಟವರ್ ತರಂಗ ಅಲ್ಲ. ನಿಮ್ಮ ಟೇಬಲ್‌ನ ಕಬ್ಬಿಣದ ಕಾಲು, ಸ್ಪೀಕರ್, ಯುಪಿಎಸ್ ಹತ್ರ ಹಿಡಿದ್ರೆ ಕೆಂಪು ಬರುತ್ತೆ. ಟವರ್ ಇಲ್ಲದ ಜಾಗದಲ್ಲಿ ಒಂದು ಕಬ್ಬಿಣದ ಬೀರು ಪಕ್ಕ ಹಿಡಿದು ನೋಡಿ, ಅಲ್ಲೂ ಏರುತ್ತೆ.

ಕ್ಯಾನ್ಸರ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಮನಸ್ಸಲ್ಲಿ ಇದ್ದೇ ಇರುತ್ತೆ. 2011ರಲ್ಲಿ ಐಎಆರ್‌ಸಿ ಅನ್ನೋ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೋ ತರಂಗನ 2ಬಿ ಗುಂಪಿಗೆ ಹಾಕಿತು, 'ಕ್ಯಾನ್ಸರ್ ತರಲೂಬಹುದು' ಅನ್ನೋ ಗುಂಪು. ಅದಕ್ಕೆ ಮುಖ್ಯ ಆಧಾರ ಫೋನನ್ನ ಕಿವಿಗೆ ಒತ್ತಿ ತುಂಬ ಮಾತಾಡೋರ ಮೇಲಿನ ಅಧ್ಯಯನಗಳು, ಟವರ್ ಪಕ್ಕ ಇರೋರದ್ದಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ಸಂಬಂಧ ಕಾಣಲಿಲ್ಲ.

ಆದ್ರೆ "ನನಗೆ ಆ ಟವರ್ ಹತ್ರ ಹೋದ್ರೆ ಮೈಗೆ ಗೊತ್ತಾಗುತ್ತೆ" ಅಂತ ಹೇಳೋ ಜನ ಇದ್ದಾರೆ, ಅವರ ಮಾತನ್ನ ತಳ್ಳಿಹಾಕದೆ ಪರೀಕ್ಷೆ ಮಾಡಿ ನೋಡಿದ್ದಾರೆ. ತರಂಗ ಆನ್ ಇದೆಯೋ ಆಫ್ ಇದೆಯೋ ಅಂತ ಕೂತಿರೋರಿಗೂ ಗೊತ್ತಿರಲ್ಲ, ಬರೆದುಕೊಳ್ಳೋರಿಗೂ ಗೊತ್ತಿರಲ್ಲ. 2010ರ ಹೊತ್ತಿಗೆ ಇಂಥ 46 ಪ್ರಯೋಗ, ಒಟ್ಟು 1175 ಜನ, ಎಲ್ಲ ಸೇರಿಸಿ ನೋಡಿದ್ರೆ ಆನ್ ಆಫ್ ಗುರುತಿಸೋ ಶಕ್ತಿ ಇದೆ ಅನ್ನೋದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಒಂದು ಡಚ್ ಪ್ರಯೋಗ 2003ರಲ್ಲಿ ಪರಿಣಾಮ ಇದೆ ಅಂದಿತ್ತು, ಸ್ವಿಟ್ಜರ್ಲೆಂಡ್‌ನೋರು ಅದನ್ನೇ ಇನ್ನೂ ಬಿಗಿಯಾಗಿ, 117 ಜನರ ಮೇಲೆ, ತರಂಗದ ಬಲನ ಹತ್ತು ಪಟ್ಟಿನವರೆಗೂ ಏರಿಸಿ 2006ರಲ್ಲಿ ಮತ್ತೆ ಮಾಡಿದ್ರು, ಪರಿಣಾಮ ಕಾಣಲಿಲ್ಲ.

ಇಲ್ಲಿ ಒಂದು ವಿಷಯ ತುಂಬ ಜನ ಡಾಕ್ಟರ್‌ಗಳು ಎಡವೋದು, ಹಾಗಾಗಿ ನಿಧಾನವಾಗಿ ಹೇಳ್ತೀನಿ. ಆ ಪ್ರಯೋಗಗಳಲ್ಲಿ ಕೂತವರಿಗೆ ತಲೆನೋವು ಬಂತು. ನಿಜವಾದ ತಲೆನೋವು, ಎದೆ ಬಡಿತ, ಬೆವರು. ತರಂಗ ಆಫ್ ಇದ್ದಾಗಲೂ ಬಂತು. ಅಪಾಯ ಇದೆ ಅಂತ ಮೈ ನಂಬಿದ್ರೆ ಸ್ನಾಯು ಬಿಗಿಯುತ್ತೆ, ಉಸಿರು ಮೇಲಕ್ಕೇರುತ್ತೆ, ದಿನಾ ಇರೋ ಸಣ್ಣ ಗುಂಯ್ ಶಬ್ದ ದೊಡ್ಡದಾಗಿ ಕೇಳುತ್ತೆ. ನೋಸಿಬೋ ಅಂತಾರೆ ಇದಕ್ಕೆ. ಇದು ನಾಟಕ ಅಲ್ಲ, ದುರ್ಬಲ ಮನಸ್ಸು ಅಂತಾನೂ ಅಲ್ಲ, ನನಗೂ ಆಗುತ್ತೆ ನಿಮಗೂ ಆಗುತ್ತೆ. ಟೆನ್ಷನ್ ಅಂತ ಒಂದೇ ಪದ ಹೇಳಿ ಕಳಿಸಿದ್ರಲ್ಲ, ಅದು ನನಗೆ ಬೇಜಾರು ತರಿಸ್ತು, ಯಾಕಂದ್ರೆ ಒಂದು, ಗಾಳಿ ಹೇಗಿದೆ ಅಂತ ಯಾರೂ ಕೇಳಿಲ್ಲ, ಇನ್ನೊಂದು, ಹಾಗೆ ಕೇಳಿಸ್ಕೊಳ್ಳದೆ ಕಳಿಸಿದ್ರೆ ಲಕ್ಷಣ ಇನ್ನೂ ಗಟ್ಟಿ ಆಗುತ್ತೆ.

ಇನ್ನು ಕಟ್ಟಡ. ನಾನು ಕೆಲಸದ ಜಾಗದ ಆರೋಗ್ಯ ನೋಡೋ ಡಾಕ್ಟರ್, ಸ್ಟೆತಸ್ಕೋಪ್‌ಗಿಂತ ಏಣಿ ಜಾಸ್ತಿ ಬಳಸಿದೀನಿ. ಒಂದು ಆಫೀಸ್‌ನಲ್ಲಿ ಹೀಗೇ ತಲೆನೋವು, ಅಲ್ಲೂ ಎದುರುಗಡೆ ಟವರ್, ಜನ ಸಹಿ ಹಾಕಿ ದೂರು ರೆಡಿ ಮಾಡಿದ್ರು. ಫಾಲ್ಸ್ ಸೀಲಿಂಗ್‌ನ ಒಂದು ಹಲಗೆ ಸರಿಸಿ ಟಾರ್ಚ್ ಬಿಟ್ರೆ, ಹೊರಗಿನ ಗಾಳಿ ಬರೋ ಡ್ಯಾಂಪರ್ನ, ಅಂದ್ರೆ ಡಕ್ಟ್ ಒಳಗಿನ ಬಾಗಿಲನ್ನ, ಪೂರ್ತಿ ಮುಚ್ಚಿ ಬೈಂಡಿಂಗ್ ವೈರ್‌ನಲ್ಲಿ ಬಿಗಿದು ಕಟ್ಟಿದ್ರು. ವೈರ್ ತುಕ್ಕು ಹಿಡಿದಿತ್ತು, ಅಂದ್ರೆ ಬಹಳ ದಿನದ ಮಾತು. ಹೊರಗಿನ ಬಿಸಿ ಗಾಳಿ ಬಂದ್ರೆ ಕರೆಂಟ್ ಬಿಲ್ ಏರುತ್ತೆ ಅಂತ ಯಾರೋ ಮಾಡಿದ್ದು. ಒಳಗೆ ಅದೇ ಗಾಳಿ ತಣ್ಣಗಾಗಿ ತಣ್ಣಗಾಗಿ ಸುತ್ತುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಕಾರ್ಬನ್ ಡೈಆಕ್ಸೈಡ್ 2000 ಪಿಪಿಎಂ ದಾಟಿತ್ತು. ಹೊರಗಿನ ಗಾಳಿಯಲ್ಲಿ ಅದು ಸುಮಾರು 420, ಜನ ತುಂಬಿರೋ ಕೋಣೆಯಲ್ಲಿ 1000ದ ಒಳಗಿದ್ರೆ ಗಾಳಿಯಾಟ ಪರವಾಗಿಲ್ಲ ಅಂತ ಲೆಕ್ಕ. ಆ ವೈರ್ ಬಿಚ್ಚಿದ ಎರಡೇ ವಾರಕ್ಕೆ ದೂರು ಬಹುಪಾಲು ನಿಂತಿತು, ಟವರ್ ಅಲ್ಲೇ ಇತ್ತು. ನಿಮ್ಮ ಹನ್ನೊಂದು ಗಂಟೆ ಲೆಕ್ಕ ನೋಡಿದ್ರೂ ನನಗೆ ಅದೇ ನೆನಪಾಗುತ್ತೆ, ಬೆಳಿಗ್ಗೆ ಬಂದವರ ಉಸಿರು ಎರಡು ಮೂರು ಗಂಟೆ ತುಂಬಿಕೊಂಡಾಗ ಶುರುವಾಗೋ ಭಾರ.

ಹೊಸ ಕಾರ್ಪೆಟ್ ಅಂಟು, ಪಾರ್ಟಿಶನ್‌ನ ಪ್ಲೈ ಇವು ಫಾರ್ಮಾಲ್ಡಿಹೈಡ್ ತರದ ಆವಿ ಬಿಡ್ತವೆ, ಅದು ತಿಂಗಳುಗಟ್ಟಲೆ ನಡೆಯುತ್ತೆ, ಕಣ್ಣು ಗಂಟಲು ಉರಿಸುತ್ತೆ. ಕಂಪ್ಯೂಟರ್ ನೋಡ್ತಾ ನಾವು ಕಣ್ಣು ಮಿಟುಕಿಸೋದು ಅರ್ಧಕ್ಕಿಂತ ಕಮ್ಮಿಯಾಗುತ್ತೆ, ಎಸಿ ಗಾಳಿ ಮುಖಕ್ಕೇ ಬೀಳ್ತಿದ್ರೆ ಕಣ್ಣಿನ ಉರಿ ಅಲ್ಲಿಂದಲೂ ಬರುತ್ತೆ. ಹಳೇ ಟ್ಯೂಬ್‌ಲೈಟ್‌ಗಳಿದ್ರೆ ಅವು ಸೆಕೆಂಡಿಗೆ ನೂರು ಸಲ ಮಿನುಗ್ತವೆ, ಕಣ್ಣಿಗೆ ಕಾಣಲ್ಲ. 1989ರಲ್ಲಿ ಬ್ರಿಟನ್ನಿನ ಒಂದು ಆಫೀಸ್‌ನಲ್ಲಿ ಬೇರೆ ತರದ ಚೋಕ್ ಹಾಕಿ ಆ ಮಿನುಗು ತೆಗೆದಾಗ ತಲೆನೋವು, ಕಣ್ಣುನೋವು ಅರ್ಧಕ್ಕಿಂತ ಕೆಳಗಿಳಿದವು.

ಕಿವಿಯ ಗುಂಯ್ ಸದ್ದಿನ ವಿಷಯದಲ್ಲಿ ಟವರ್ ತಪ್ಪಿತಸ್ಥ ಆಗಿರಬಹುದು, ಆದ್ರೆ ತರಂಗದಿಂದಲ್ಲ. ಟವರ್ ಬುಡದಲ್ಲಿರೋ ಕ್ಯಾಬಿನೆಟ್‌ನ ಕೂಲಿಂಗ್ ಫ್ಯಾನ್ ಹಗಲೂ ರಾತ್ರಿ ತಿರುಗುತ್ತೆ, ಅದರ ನಡುಕ ಸ್ಲ್ಯಾಬ್‌ಗೆ ಇಳಿದು ನಿಮ್ಮ ಕೋಣೆಗೆ ಸಣ್ಣ ದನಿಯಾಗಿ ಬರುತ್ತೆ. ಗೋಡೆಗೆ ಅಂಗೈ ಇಟ್ಟು ನೋಡಿ, ಒಂದು ಲೋಟ ನೀರು ಟೇಬಲ್ ಮೇಲಿಟ್ಟು ಮೇಲ್ಮೈ ನೋಡಿ. ವಿಕ್ ಟ್ಯಾಂಡಿ ಅನ್ನೋ ಬ್ರಿಟಿಷ್ ಎಂಜಿನಿಯರ್ 1998ರಲ್ಲಿ ಬರೆದಿದ್ದಾರೆ, ಅವರ ಲ್ಯಾಬ್‌ನಲ್ಲಿ ಕೂತ್ರೆ ಬೆನ್ನು ತಣ್ಣಗಾಗೋದು, ಯಾರೋ ಪಕ್ಕ ನಿಂತಂಗೆ ಅನ್ಸೋದು. ಒಂದು ದಿನ ವೈಸ್‌ಗೆ ಸಿಕ್ಕಿಸಿದ್ದ ಕತ್ತಿಯ ಅಲಗು ತಾನಾಗೇ ನಡುಗ್ತಾ ಇತ್ತು. ಹುಡುಕಿದ್ರೆ ಹೊಸದಾಗಿ ಹಾಕಿದ್ದ ಎಕ್ಸಾಸ್ಟ್ ಫ್ಯಾನ್, ಸೆಕೆಂಡಿಗೆ ಸುಮಾರು 19 ಸಲ ಗಾಳಿಯನ್ನ ಅಲುಗಾಡಿಸ್ತಿತ್ತು, ಕಿವಿಗೆ ಕೇಳದಷ್ಟು ಕೆಳಗಿನ ಶಬ್ದ. ಫ್ಯಾನ್ ಕೂರಿಸಿದ ರೀತಿ ಬದಲಾಯಿಸಿದ್ರು, ಆ ಭಾವನೆ ಹೋಯ್ತು. ನಿಮ್ಮಲ್ಲಿ ಕ್ಯಾಬಿನೆಟ್ ಕೆಳಗೆ ರಬ್ಬರ್ ಪ್ಯಾಡ್ ಹಾಕಿಸೋದು ಟವರ್ ಕಂಪನಿಗೆ ಅರ್ಧ ದಿನದ ಕೆಲಸ, ಟವರ್ ತೆಗೀರಿ ಅಂದ್ರೆ ವರ್ಷಗಟ್ಟಲೆ ಜಗಳ.

ನೀವು ಕೇಳಿದ ದಾರಿಗಳ ಬಗ್ಗೆ. ಅಲ್ಯುಮಿನಿಯಂ ಶೀಟ್ ಬೇಡವೇ ಬೇಡ. ಸಿಗ್ನಲ್ ಕಮ್ಮಿಯಾದಷ್ಟೂ ನಿಮ್ಮ ಕೈಯಲ್ಲಿರೋ ಫೋನ್ ಜೋರಾಗಿ ಕೂಗುತ್ತೆ, ಅಂದ್ರೆ ತನ್ನ ಪವರ್ ಏರಿಸಿಕೊಳ್ಳುತ್ತೆ, ಮೈಗೆ ಬೀಳೋದರಲ್ಲಿ ದೊಡ್ಡ ಪಾಲು ಮೊದಲಿಂದಲೂ ಆ ಫೋನ್‌ದೇ. ಮೇಲಾಗಿ ನಿಮಗೆ ಬೇಕಿರೋದು ಕಿಟಕಿ ತೆರೆಯೋದು, ಇನ್ನೊಂದು ಪದರ ಮುಚ್ಚೋದಲ್ಲ. ಚಿಪ್ಪಿಂದ ಏನೂ ಆಗಲ್ಲ, ದುಡ್ಡು ದಂಡ, ಅದಕ್ಕಿಂತ ದೊಡ್ಡ ನಷ್ಟ ಅಂದ್ರೆ ನಾಲ್ಕು ದಿನ ಧೈರ್ಯ ಬಂದು ಹೊಗೆ ವಿಷಯ ಹಾಗೇ ಉಳಿದುಬಿಡುತ್ತೆ.

ತರಂಗ ಅಳೆಸಿ, ಖಂಡಿತ ಅಳೆಸಿ. ಮಾನ್ಯತೆ ಇರೋ ಏಜೆನ್ಸಿಯವರು ಕ್ಯಾಲಿಬ್ರೇಟ್ ಆದ ಮೀಟರ್ ತಂದು, ಆಫೀಸ್ ಕೆಲಸದ ಹೊತ್ತಲ್ಲಿ, ನಿಮ್ಮಗಳ ಟೇಬಲ್ ಹತ್ರನೇ ಅಳೀಬೇಕು, ನೀವು ಪಕ್ಕದಲ್ಲಿ ನಿಂತಿರ್ಬೇಕು, ರಿಪೋರ್ಟ್ ಎಲ್ಲರ ಕೈಗೂ ಸಿಗಬೇಕು. ಇದರಲ್ಲಿರೋ ತೊಂದರೆ ಅಂದ್ರೆ ಬರೀ ನಂಬರ್ ಕೊಟ್ಟು ಹೋದ್ರೆ ಭಯ ಇನ್ನೂ ಜಾಸ್ತಿ ಆಗುತ್ತೆ, ಹಾಗಾಗಿ ಮಿತಿಯ ಶೇಕಡಾ ಎಷ್ಟು ಅಂತ ಬರೆಸ್ಕೊಳ್ಳಿ. ಮಿತಿ ಮೀರಿದ್ರೆ ಆಗ ಟವರ್ ವಿಷಯದಲ್ಲಿ ನಿಮ್ಮ ಕೈಲಿ ಗಟ್ಟಿ ದಾಖಲೆ ಇರುತ್ತೆ. ನಾನು ಹಾಗೆ ಆಗುತ್ತೆ ಅಂತ ನಿರೀಕ್ಷೆ ಮಾಡ್ತಿಲ್ಲ.

ಐದೂ ಜನ ಎರಡು ವಾರ ಡೈರಿ ಬರೀರಿ, ಬೇರೆಬೇರೆಯಾಗಿ, ಒಬ್ಬರದ್ದು ಇನ್ನೊಬ್ಬರು ನೋಡದೆ: ಎಷ್ಟೊತ್ತಿಗೆ ಏನಾಯ್ತು, ಯಾವ ಸೀಟು, ಎಸಿ ಇತ್ತಾ, ಜನರೇಟರ್ ಓಡ್ತಿತ್ತಾ. ಎರಡು ವಾರಕ್ಕೆ ನಿಲ್ಲಿಸಿಬಿಡಿ, ಅದಕ್ಕಿಂತ ಜಾಸ್ತಿ ದಿನ ಮೈಮೇಲೇ ಗಮನ ಇಟ್ರೆ ಲಕ್ಷಣ ಬೆಳೆಯುತ್ತೆ. ಸ್ವಲ್ಪ ದಿನ ಬೇರೆ ಮಹಡಿಯಲ್ಲಿ ಕೂತು ನೋಡೋದೂ ಒಳ್ಳೇದೇ, ಆದ್ರೆ ಅಲ್ಲಿ ಆರಾಮಾದ್ರೆ ಟವರೇ ಕಾರಣ ಅಂತ ಸಾಬೀತಾಗಲ್ಲ, ಆ ಮಹಡಿಯ ಗಾಳಿನೂ ಬೇರೆ ಅಲ್ವಾ.

ಮ್ಯಾನೇಜರ್ ಹತ್ರ ಟವರ್ ತೆಗೆಸಿ ಅಂತ ಹೋದ್ರೆ ಪರ್ಮಿಶನ್ ಕಾಗದ ತೋರಿಸ್ತಾರೆ, ಮಾತು ಅಲ್ಲಿಗೇ ಮುಗೀತು. ಅದರ ಬದಲು ಐದೂ ಜನ ಸಹಿ ಹಾಕಿ ಇಷ್ಟು ಕೇಳಿ, ಹೊರಗಾಳಿ ಡ್ಯಾಂಪರ್ ತೆರೆದಿದೆಯಾ, ಫಿಲ್ಟರ್ ಕೊನೇ ಸಲ ಯಾವಾಗ ಬದಲಾಯಿಸಿದ್ದು, ಸೈಲೆನ್ಸರ್‌ನಿಂದ ಗಾಳಿ ಜಾಲರಿಗೆ ಎಷ್ಟು ದೂರ, ಎಸಿಯ ನೀರು ತಣ್ಣಗೆ ಮಾಡೋ ಕೂಲಿಂಗ್ ಟವರ್ ಇದ್ರೆ ಅದರ ನೀರು ಕ್ಲೀನ್ ಮಾಡಿದ ದಾಖಲೆ ಎಲ್ಲಿ. ಈ ಕೊನೇದು ಸಣ್ಣ ಮಾತಲ್ಲ, 1976ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲ್‌ನಲ್ಲಿ ಸಮಾವೇಶಕ್ಕೆ ಬಂದವರು ನ್ಯುಮೋನಿಯಾದಿಂದ ಸತ್ತಾಗ ತಿಂಗಳುಗಟ್ಟಲೆ ಕಾರಣ ಗೊತ್ತಾಗಲಿಲ್ಲ, ಆಮೇಲೆ ಸಿಕ್ಕಿದ್ದು ಲೀಜಿಯನೆಲ್ಲ ಅನ್ನೋ ಬ್ಯಾಕ್ಟೀರಿಯಾ, ಎಸಿ ವ್ಯವಸ್ಥೆಯ ನೀರಲ್ಲಿ ಬೆಳೆಯೋದು. ನಿಮ್ಮ ಲಕ್ಷಣ ಅದಲ್ಲ, ಆದ್ರೆ ಯಾರಿಗಾದ್ರೂ ಜ್ವರ ಕೆಮ್ಮು ಉಬ್ಬಸ ಬಂದ್ರೆ ಡಾಕ್ಟರ್‌ಗೆ ಆಫೀಸ್ ವಿಷಯ ಹೇಳ್ಲೇಬೇಕು.

ಸಿಡಿಲು ಬಡಿದಂಗೆ ಒಮ್ಮೆಲೇ ಬರೋ ತಲೆನೋವು, ನಿದ್ದೆಯಿಂದ ಎಬ್ಬಿಸೋ ತಲೆನೋವು, ಬೆಳಿಗ್ಗೆ ವಾಂತಿ, ದೃಷ್ಟಿ ಮಂಜು, ಒಂದು ಕಡೆ ಕೈಕಾಲು ಸೋಲೋದು, ಫಿಟ್ಸ್, ಪ್ರಜ್ಞೆ ತಪ್ಪೋದು ಇವ್ಯಾವುದಿದ್ರೂ ಗಾಳಿ ಗೀಳಿ ಅಂತ ಹುಡುಕ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ನಿಮ್ಮ ಆ ಗರ್ಭಿಣಿ ಸಹೋದ್ಯೋಗಿಗೆ ಹೀಗೆ ಹೇಳಿ: ಮಿತಿ ಒಳಗಿರೋ ಟವರ್ ತರಂಗದಿಂದ ಮಗುವಿಗೆ ತೊಂದರೆ ಅನ್ನೋದಕ್ಕೆ ಆಧಾರ ಇಲ್ಲ, ಅದಕ್ಕೆ ನಿದ್ದೆ ಕೆಡಿಸ್ಕೋಬೇಡಮ್ಮ ಅಂತ. ಆದ್ರೆ ಕಾರ್ಬನ್ ಮಾನಾಕ್ಸೈಡ್ ತಾಯಿಗಿಂತ ಹೊಟ್ಟೆಯೊಳಗಿನ ಮಗುವಿಗೇ ಹೆಚ್ಚು ಕೆಟ್ಟದು, ಮಗುವಿನ ರಕ್ತ ಅದನ್ನ ಇನ್ನೂ ಬಿಗಿಯಾಗಿ ಹಿಡ್ಕೊಳ್ಳುತ್ತೆ, ಬಿಡೋದೂ ನಿಧಾನ. ಆದ್ದರಿಂದ ಮೀಟರ್ ರೀಡಿಂಗ್ ಬರೋವರೆಗೂ ಅವರು ಆ ಮಹಡಿಯಲ್ಲಿ ಕೂರೋದು ಬೇಡ. ಬೇರೆ ಮಹಡಿ ಕೊಡಿಸಿ, ಇಲ್ಲ ಮನೆಯಿಂದ ಕೆಲಸ, ನನ್ನ ಈ ಉತ್ತರ ತೋರಿಸಿ ಬೇಕಾದ್ರೆ. ಅವರ ಹೆರಿಗೆ ಡಾಕ್ಟರ್‌ಗೂ ಜನರೇಟರ್ ವಿಷಯ ತಿಳಿಸ್ಲಿ.

ಕೆಲಸ ಬಿಡೋ ಯೋಚನೆ ಸದ್ಯಕ್ಕೆ ಪಕ್ಕಕ್ಕಿಡಿ. ನಾಳೆ ಬೆಳಿಗ್ಗೆ ಕಟ್ಟಡದ ಮೇಂಟೆನೆನ್ಸ್‌ನೋರನ್ನ ಜೊತೆಗೆ ಕರ್ಕೊಂಡು ಛಾವಣಿಗೆ ಹೋಗಿ, ಆಂಟೆನಾ ಎದುರಿಗೆ ಹೋಗದೆ ಜನರೇಟರ್ ಕಡೆ ಮಾತ್ರ, ಸೈಲೆನ್ಸರ್ ಬಾಯಿ ಯಾವ ಕಡೆ ತಿರುಗಿದೆ ಮತ್ತೆ ಎಸಿ ಗಾಳಿ ಎಳೆಯೋ ಜಾಲರಿ ಎಲ್ಲಿದೆ ನೋಡಿ. ಜಾಲರಿ ಮೇಲೆ ಬೆರಳು ಎಳೆದು ನೋಡಿ. ಕಪ್ಪು ಮಸಿ ಅಂಟಿದ್ರೆ ಅದರ ಫೋಟೋ ತೆಗೆದು ಅವತ್ತೇ ಮ್ಯಾನೇಜರ್‌ಗೆ ಕಳಿಸಿ, ನನಗೂ ಒಂದು ಕಳಿಸಿ.